ಬಿಚ್ಚಿಟ್ಟ ಗಾಡಿ ಎಲ್ಲಿರುತ್ತದೆ?

ಸದ್ಯಕ್ಕೆ ನನ್ನ ಯೆಜ್ಡಿ ಮೈಸೂರಿನ ನಾಲ್ಕು ಕಡೆ ಇದೆ. ಚಾಸಿ ನಮ್ಮ ಮನೆಯ ಮೆಟ್ಟಿಲ ಕೆಳಗೆ ಹಳೇ ಸೀರೆ ಹೊದ್ದು ನಿಂತಿದೆ. ಎಂಜಿನ್ನು ಮಂಡಿ ಮೊಹಲ್ಲಾದ ಗ್ಯಾರೇಜಿನಲ್ಲಿ, ಅದೂ ಇಡಿಯಾಗಿಲ್ಲ. ಕೇಸಿಂಗು ಎರಡು ಹೋಳಾಗಿ ಬೆಂಚಿನ ಮೇಲಿದೆ, ಗೇರುಗಳು ಡಬ್ಬವೊಂದರಲ್ಲಿ ಸೀಮೆಎಣ್ಣೆಯಲ್ಲಿ ನೆನೆಯುತ್ತಿವೆ. ಕ್ರ್ಯಾಂಕು ಹೊಸ ಕನೆಕ್ಟಿಂಗ್ ರಾಡು ಕೂರಿಸಿಕೊಳ್ಳಲು ಲೇತ್ ಅಂಗಡಿಗೆ ಹೋಗಿದೆ. ಟ್ಯಾಂಕು, ಮಡ್‌ಗಾರ್ಡುಗಳು ಪೇಂಟರ್ ವಶದಲ್ಲಿವೆ. ನಟ್ಟು, ಬೋಲ್ಟು, ಸ್ಪೋಕು, ವಾಷರುಗಳೆಲ್ಲ ಒಂದು ಗೋಣಿಚೀಲ ತುಂಬಿಕೊಂಡು ಅದೇ ಮೆಟ್ಟಿಲ ಕೆಳಗೆ ಕೂತಿವೆ. ‘ಗಾಡಿ ಎಲ್ಲಿಗೆ ಬಂತು?’ ಎಂದು ಯಾರಾದರೂ ಕೇಳಿದರೆ ‘ರೆಡಿ ಆಗ್ತಾ ಇದೆ’ ಎನ್ನುತ್ತೇನೆ. ಆ ವಾಕ್ಯಕ್ಕೆ ಕರ್ತೃಪದ ಯಾವುದೆಂದು ಈಚೆಗೆ ಯೋಚನೆ ಹತ್ತಿದೆ. ರೆಡಿಯಾಗುತ್ತಿರುವುದು ಏನು? ಮೆಟ್ಟಿಲ ಕೆಳಗಿನದೇ, ಬೆಂಚಿನ ಮೇಲಿನದೇ, ಚೀಲದೊಳಗಿನದೇ? ಇನ್ನೂ ರೆಡಿಯಾಗದ್ದು ಈಗಾಗಲೇ ಇದೆ ಎಂದು ಯಾವ ಧೈರ್ಯದ ಮೇಲೆ ಹೇಳುತ್ತಿದ್ದೇನೆ?

ಇಂಥ ಪ್ರಶ್ನೆ ಹಾಕಿಕೊಳ್ಳುವ ಚಾಳಿ ನನಗೆ ಹತ್ತಿದ್ದು ಗ್ಯಾರೇಜಿನಲ್ಲಿ ಅಲ್ಲ. ಹುಡುಗನಾಗಿದ್ದಾಗ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಕೆಲವು ವರ್ಷ ತರ್ಕ ಓದಿದೆ. 1876ರಲ್ಲಿ ಶುರುವಾದ ಸಂಸ್ಥೆ. ನಾವು ಕೂತ ಬೆಂಚುಗಳನ್ನು ನೋಡಿದರೆ ಅವೂ ಆವಾಗಿನವೇ ಇರಬೇಕು ಎನಿಸುತ್ತಿತ್ತು. ಆಮೇಲೆ ಹೊಟ್ಟೆಪಾಡಿಗೆ ಬ್ಯಾಂಕು ಸೇರಿದೆ, ಘಟಪಟಗಳನ್ನು ಬಿಟ್ಟು ಸಾಲದ ಲೆಜರು ಹಿಡಿದೆ. ನಿವೃತ್ತಿಯಾದ ಮೇಲೆ ಹಳೇ ಗಾಡಿಯೊಂದನ್ನು ಎಬ್ಬಿಸಬೇಕೆಂಬ ಆಸೆ ಹುಟ್ಟಿತು. ಮೈಸೂರಿನಲ್ಲಿ ಬೆಳೆದವನಿಗೆ ಅದು ಯಾವ ಗಾಡಿ ಎಂಬ ಆಯ್ಕೆಯೇ ಇರಲಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಡುಬುಡುಬು ಎನ್ನುವ ಜೋಡಿ ಸೈಲೆನ್ಸರಿನ ಗಾಡಿ. ಸಿಲಿಂಡರು ಒಂದೇ, ಸೈಲೆನ್ಸರು ಎರಡು; ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯೇ ಆಮೇಲೆ ಮುಂದಕ್ಕೆ ಬಗ್ಗಿ ಗೇರು ಹಾಕುವ ಕಡ್ಡಿಯಾಗುತ್ತದೆ. ಇದನ್ನು ಮೊದಲ ಸಲ ನೋಡಿದವರು ಏನೋ ಮುರಿಯಿತು ಎಂದೇ ಗಾಬರಿಯಾಗುತ್ತಾರೆ.

ನನ್ನದು ಎಂಬತ್ತರ ದಶಕದ ರೋಡ್‌ಕಿಂಗ್. ‘ಸಿಎ’ ಎಂದು ಶುರುವಾಗುವ ಹಳೇ ನಂಬರು. ಸಿಕ್ಕಿದ್ದು ಹುಣಸೂರಿನ ಕಡೆ, ತಂಬಾಕು ಬೇಯಿಸುವ ಬ್ಯಾರೆನ್ ಪಕ್ಕದ ಕೊಟ್ಟಿಗೆಯಲ್ಲಿ. ಸೀಟಿನ ಮೇಲೆ ಕೋಳಿಗಳು ಕೂತು ಕೂತು ಅದಕ್ಕೊಂದು ಸುಣ್ಣದ ಹೊದಿಕೆ ಬಂದಿತ್ತು. ಮಾರಿದವರು ಗಾಡಿಯ ಯಜಮಾನರ ಮಗ. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಬೆಲೆಯ ಮಾತು ಬೇಗ ಮುಗಿಯಿತು, ಹೆಚ್ಚು ಜಗ್ಗಾಡಲಿಲ್ಲ. ಗಾಡಿಯನ್ನು ಟೆಂಪೋಗೆ ಏರಿಸುವಾಗ ಮಾತ್ರ ಅವರು ಹತ್ತಿರ ಬಂದು, ‘ಸಾರ್, ರೆಡಿ ಆದ್ಮೇಲೆ ಒಂದ್ಸಲ ತಂದ್ ತೋರ್ಸಿ. ಅಮ್ಮ ನೋಡ್ಬೇಕಂತೆ’ ಅಂದರು. ತಾಯಿ ಒಳಗಿನ ಬಾಗಿಲಲ್ಲಿ ನಿಂತಿದ್ದರು, ಮಾತಾಡಲಿಲ್ಲ. ಟ್ಯಾಂಕಿನ ಎಡಬದಿಯಲ್ಲಿ ಅಂಗೈಯಗಲದ ಒಂದು ನಗ್ಗು ಇತ್ತು. ಹಿಂದೆ ಕೂರುವವರು ಎರಡೂ ಕಾಲು ಒಂದೇ ಕಡೆ ಇಟ್ಟುಕೊಳ್ಳಲು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಕೂರಿಸಿದ ಕಬ್ಬಿಣದ ಪಟ್ಟಿಯ ಮೆಟ್ಟೊಂದಿತ್ತು. ಕಾರ್ಖಾನೆಯಿಂದ ಬಂದದ್ದಲ್ಲ. ಯಾರ ಕಾಲಿಗೆಂದು ಮಾಡಿಸಿದ್ದು ಎಂಬುದನ್ನು ಕೇಳಬೇಕಾಗಿರಲಿಲ್ಲ.

ಆಗ ‘ಆಗಲಿ, ತರುತ್ತೇನೆ’ ಎಂದುಬಿಟ್ಟೆ. ಏನನ್ನು ತರುತ್ತೇನೆ ಎಂಬುದು ಈಗಿನ ಪ್ರಶ್ನೆ.

ಪಿಸ್ಟನ್ನು ಹೊಸದು, ಬೋರು ಮಾಡಿಸಿ ಅರ್ಧ ಮಿಲಿಮೀಟರು ದೊಡ್ಡದು ಹಾಕಬೇಕು. ಕನೆಕ್ಟಿಂಗ್ ರಾಡು ಹೊಸದು. ಆಯಿಲ್ ಸೀಲುಗಳು ಹೊಸವು. ಟೂ ಸ್ಟ್ರೋಕ್ ಎಂಜಿನ್ನಿಗೆ ಅವು ಒಣಗಿ ಸೀಳಿದರೆ ಕ್ರ್ಯಾಂಕ್‌ಕೇಸಿನಲ್ಲಿ ಗಾಳಿ ಹಿಡಿದು ನಿಲ್ಲುವುದೇ ಇಲ್ಲ. ರಿಮ್ಮು, ಟೈರು, ವೈರಿಂಗು, ಕೇಬಲ್ಲು, ಸೀಟಿನ ರೆಕ್ಸಿನ್ನು ಎಲ್ಲ ಬದಲಾಗುತ್ತವೆ. ಹಳೆಯದೆಂದು ಉಳಿಯುವುದು ಚಾಸಿ, ಎಂಜಿನ್ ಕೇಸಿಂಗು, ಟ್ಯಾಂಕು, ಇನ್ನಷ್ಟು ಚಿಲ್ಲರೆ. ಇಷ್ಟನ್ನು ಜೋಡಿಸಿ ಹುಣಸೂರಿನ ಅಂಗಳದಲ್ಲಿ ನಿಲ್ಲಿಸಿ ‘ಇಗೊಳ್ಳಿ ನಿಮ್ಮ ಯಜಮಾನರ ಗಾಡಿ’ ಅಂದರೆ ಅದು ನಿಜವಾಗುತ್ತದೆಯೇ?

ಈ ಪ್ರಶ್ನೆಗೆ ನಮ್ಮಲ್ಲಿ ಹಳೆಯ ಉತ್ತರಗಳಿವೆ. ಬೌದ್ಧರ ಮಿಲಿಂದಪಞ್ಹದಲ್ಲಿ ಯವನ ದೊರೆ ಮಿಲಿಂದನನ್ನು ಭಿಕ್ಷು ನಾಗಸೇನ ರಥದ ವಿಷಯವಾಗಿ ಕೆಣಕುತ್ತಾನೆ. ರಥದಲ್ಲಿ ಬಂದೆ ಅಂದೆಯಲ್ಲ, ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಇವೆಲ್ಲ ಸೇರಿದ್ದು ರಥವೇ? ಇವನ್ನು ಬಿಟ್ಟು ಬೇರೆ ಯಾವುದಾದರೂ ರಥವೇ? ದೊರೆ ಒಂದೊಂದಕ್ಕೂ ಅಲ್ಲ ಅಲ್ಲ ಎನ್ನುತ್ತ ಹೋಗಿ ಕೊನೆಗೆ, ಈ ಭಾಗಗಳನ್ನು ಆಧರಿಸಿ ‘ರಥ’ ಎಂಬ ಹೆಸರು ಹುಟ್ಟುತ್ತದೆ, ಅಷ್ಟೆ ಎಂದು ತಾನೇ ಒಪ್ಪುತ್ತಾನೆ. ಮನುಷ್ಯನೂ ಹಾಗೆಯೇ ಎಂಬುದು ಭಿಕ್ಷುವಿಗೆ ಬೇಕಾಗಿದ್ದ ಮಾತು. ನಾನು ತರ್ಕ ಓದಿದವನು, ನಮ್ಮದು ಅವರ ಎದುರು ಪಕ್ಷ. ನೈಯಾಯಿಕರು ಭಾಗಗಳನ್ನು ಬಿಟ್ಟು ‘ಅವಯವಿ’ ಎಂಬ ಇಡೀ ವಸ್ತು ಬೇರೆಯೇ ಇದೆ ಎನ್ನುವವರು. ಅದಕ್ಕೆ ಅವರು ಕೊಡುವ ಒಂದು ಯುಕ್ತಿ ನನಗೆ ಹುಡುಗನಾಗಿದ್ದಾಗಿನಿಂದಲೂ ಇಷ್ಟ: ಒಂದು ಭಾಗ ಹಿಡಿದೆಳೆದರೆ ಇಡೀ ವಸ್ತು ಬರುತ್ತದೆ. ಮರಳಿನ ಗುಡ್ಡೆಗೆ ಕೈಹಾಕಿದರೆ ಹಿಡಿಯಷ್ಟು ಮರಳು ಬರುತ್ತದೆ. ಗಾಡಿಯ ಹ್ಯಾಂಡಲ್ಲು ಹಿಡಿದೆಳೆದರೆ ಗಾಡಿಯೇ ಬರುತ್ತದೆ. ಬರೀ ಭಾಗಗಳ ರಾಶಿಯಾಗಿದ್ದರೆ ಹಾಗಾಗುತ್ತಿತ್ತೆ?

ಒಳ್ಳೆಯ ಯುಕ್ತಿ. ಆದರೆ ಮೆಟ್ಟಿಲ ಕೆಳಗಿನ ಚಾಸಿಯನ್ನು ಈಗ ಎಳೆದರೆ ಚಾಸಿ ಮಾತ್ರ ಬರುತ್ತದೆ, ಎಂಜಿನ್ನು ಮಂಡಿ ಮೊಹಲ್ಲಾದಲ್ಲೇ ಉಳಿಯುತ್ತದೆ. ಹಾಗಾದರೆ ನಮ್ಮ ಪಕ್ಷದ ಪ್ರಕಾರವೇ ಗಾಡಿ ಸತ್ತಿತು. ಅವಯವಗಳ ಸಂಯೋಗ ನಾಶವಾದರೆ ಅವಯವಿಯೂ ನಾಶ. ಇದರಲ್ಲಿ ನೈಯಾಯಿಕರಿಗೆ ಯಾವ ದಾಕ್ಷಿಣ್ಯವೂ ಇಲ್ಲ. ಬಟ್ಟೆಯಿಂದ ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ಹೋಗಿ, ಉಳಿದ ನೂಲಿನಿಂದ ‘ಖಂಡಪಟ’ ಎಂಬ ಬೇರೆ ಬಟ್ಟೆ ಹುಟ್ಟಿತು ಎನ್ನುವ ಜನ ಅವರು. ಗ್ಯಾರೇಜಿನ ಮೆಕ್ಯಾನಿಕ್ ಚಾಚಾ ನಾಳೆ ಗಾಡಿ ಜೋಡಿಸಿ ಕೊಟ್ಟರೆ ಅದು ಹೊಸ ದ್ರವ್ಯ. ‘ಅದೇ ಗಾಡಿ’ ಎಂದು ನಾನು ಗುರುತು ಹಿಡಿದರೆ? ಅದಕ್ಕೂ ನ್ಯಾಯದ ಪಠ್ಯವಾದ ಮುಕ್ತಾವಳಿಯಲ್ಲಿ ಉತ್ತರವಿದೆ: ‘ನಾನು ಕುಡಿದ ಔಷಧವನ್ನೇ ಅವನೂ ಕುಡಿದ’ ಎನ್ನುತ್ತೇವಲ್ಲ, ಹಾಗೆ. ಜಾತಿ ಒಂದೇ, ವಸ್ತು ಬೇರೆ. ಈ ಉತ್ತರವನ್ನು ಹುಣಸೂರಿನ ತಾಯಿಯ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಬೌದ್ಧರ ಬಳಿ ಇದಕ್ಕಿಂತ ಮೃದುವಾದ ಮಾತಿದೆ. ರಾತ್ರಿಯ ಮೊದಲ ಜಾವದ ದೀಪದ ಉರಿ, ಕೊನೆಯ ಜಾವದ ಉರಿ ಎರಡೂ ಒಂದೇ ಅಲ್ಲ, ಬೇರೆಯೂ ಅಲ್ಲ. ಒಂದರ ಹಿಂದೆ ಒಂದಾಗಿ ಹರಿದು ಬಂದದ್ದು ಎಂದು ಅದೇ ನಾಗಸೇನ ಹೇಳುತ್ತಾನೆ. ಆದರೆ ಅವನ ದೀಪ ರಾತ್ರಿಯೆಲ್ಲ ಉರಿಯುತ್ತದೆ, ಅದನ್ನು ಗಮನಿಸಬೇಕು. ನಡುರಾತ್ರಿ ಆರಿಸಿ, ಎಣ್ಣೆ ಬೇರೆ ಬತ್ತಿ ಬೇರೆ ಮಾಡಿ, ಬೆಳಗಿನ ಜಾವ ಮತ್ತೆ ಹಚ್ಚಿದ ದೀಪದ ಬಗ್ಗೆ ದೊರೆಯೂ ಕೇಳಲಿಲ್ಲ, ಭಿಕ್ಷುವೂ ಹೇಳಲಿಲ್ಲ. ಭಾಗಗಳ ಬಗ್ಗೆ ಇಷ್ಟೆಲ್ಲ ವಾದ ಮಾಡಿದ ನಮ್ಮ ದಾರ್ಶನಿಕರು ನಡುವಿನ ಕಾಲವನ್ನು, ಬಿಚ್ಚಿದ್ದಕ್ಕೂ ಜೋಡಿಸಿದ್ದಕ್ಕೂ ಮಧ್ಯದ ಗೋಣಿಚೀಲದ ಕಾಲವನ್ನು, ಒಂದು ಸಮಸ್ಯೆಯೆಂದೇ ಎಣಿಸಿದಂತೆ ಕಾಣುವುದಿಲ್ಲ. ಎಣಿಸಿದವರು ಪೂಜಾರಿಗಳು.

ನಮ್ಮ ಪೂರ್ವಿಕರ ಊರು ಕೆ.ಆರ್. ನಗರದ ಕಡೆ. ಅಲ್ಲಿ ಒಂದು ಚಿಕ್ಕ ವಿಷ್ಣು ಗುಡಿ, ದೊಡ್ಡಪ್ಪ ಅರ್ಚಕರು. ನಾನು ಚಿಕ್ಕವನಿದ್ದಾಗ ಗರ್ಭಗುಡಿಯ ಮಾಳಿಗೆ ಸೋರಿ ಪೀಠ ಅಲುಗಾಡುತ್ತಿತ್ತೆಂದು ಜೀರ್ಣೋದ್ಧಾರಕ್ಕೆ ಕೈಹಾಕಿದರು. ಗಾರೆಯವರು ಬಂದು ಒಂದು ಕಲ್ಲು ಮುಟ್ಟುವ ಮೊದಲೇ ದೊಡ್ಡಪ್ಪ ಮತ್ತು ಹೊರಗಿನಿಂದ ಬಂದ ಆಗಮಿಕರು ಕಲಾಕರ್ಷಣ ಮಾಡಿದರು. ಬಿಂಬದಲ್ಲಿರುವ ಸಾನ್ನಿಧ್ಯವನ್ನು ನೀರು ತುಂಬಿದ ಕುಂಭಕ್ಕೆ ಇಳಿಸಿಕೊಳ್ಳುವುದು. ಆ ಮೇಲೆ ಗರ್ಭಗುಡಿಯಲ್ಲಿದ್ದ ಮೂರ್ತಿ ಬರೀ ಕಲ್ಲು. ಗಾರೆಯವನು ಅದರ ಪಕ್ಕ ಕೂತು ಬೀಡಿ ಹಚ್ಚಿದರೂ ದೊಡ್ಡಪ್ಪ ಏನೂ ಅನ್ನಲಿಲ್ಲ. ಅವರ ಕಣ್ಣೆಲ್ಲ ಪ್ರಾಕಾರದ ಮೂಲೆಯಲ್ಲಿ ತೆಂಗಿನ ಗರಿ ಹೊದಿಸಿದ ಬಾಲಾಲಯದ ಮೇಲೆ. ಅಲ್ಲಿ ದಿನವೂ ಪೂಜೆ, ನೈವೇದ್ಯ, ದೀಪ. ಒಂದು ಹೊತ್ತೂ ತಪ್ಪುವಂತಿಲ್ಲ. ಮಳೆ ಹಿಡಿದು ಕೆಲಸ ನಿಂತಾಗಲೂ ಅವರು ಕೊಡೆ ಹಿಡಿದು ಹೋಗಿ ದೀಪ ಹಚ್ಚಿ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ಅರಗು, ಜೇನುಮೇಣ, ಬೆಣ್ಣೆ, ಕಾವಿ ಮೊದಲಾದವನ್ನು ಕುಟ್ಟಿ ಕುಟ್ಟಿ ಅಷ್ಟಬಂಧ ಮಾಡಿ ಮೂರ್ತಿಯನ್ನು ಪೀಠಕ್ಕೆ ಕೂರಿಸಿದರು. ಕುಂಭದಲ್ಲಿದ್ದದ್ದನ್ನು ತಿರುಗಿ ಮೂರ್ತಿಗೆ ತುಂಬಿದರು. ಅದೇ ದೇವರು. ಮಾಳಿಗೆ ಹೊಸದು, ನೆಲಗಟ್ಟು ಹೊಸದು. ಅದೇ ದೇವರೇ ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಏಕೆಂದರೆ ನಡುವೆ ಒಂದು ದಿನವೂ ದೇವರು ‘ಎಲ್ಲೂ ಇಲ್ಲದೆ’ ಇರಲಿಲ್ಲ.

ನಡುವಿನ ಕಾಲದ ಈ ಕಾಳಜಿಯನ್ನು ಸಾವಿನ ವಿಷಯದಲ್ಲೂ ನಮ್ಮವರು ಬಿಡಲಿಲ್ಲ. ದೇಹ ಬಿಡುವುದನ್ನು ಹಳೇ ಬಟ್ಟೆ ಬಿಚ್ಚಿ ಹೊಸದು ತೊಡುವುದಕ್ಕೆ ಹೋಲಿಸುವುದು ಪ್ರವಚನಕಾರರಿಗೆ ಬಲು ಪ್ರಿಯ. ಆದರೆ ಅದೇ ಜನ ಮನೆಯಲ್ಲಿ ಸಾವಾದಾಗ ಆ ಹೋಲಿಕೆಯನ್ನು ಪಕ್ಕಕ್ಕಿಟ್ಟು ಹತ್ತು ದಿನ ಪಿಂಡ ಇಡುತ್ತಾರೆ. ಅಪ್ಪ ಹೋದಾಗ ನಾನೂ ಇಟ್ಟೆ. ಗರುಡಪುರಾಣದ ಲೆಕ್ಕದಲ್ಲಿ ಮೊದಲ ದಿನದ ಪಿಂಡದಿಂದ ತಲೆ, ಆಮೇಲೆ ದಿನಕ್ಕೊಂದರಂತೆ ಕತ್ತು, ಎದೆ ಎಂದು ಒಂದೊಂದೇ ಅಂಗ. ಹತ್ತನೆಯ ದಿನ ಹಸಿವು, ಬಾಯಾರಿಕೆ. ಅನ್ನದುಂಡೆಯಿಂದ ತಂದೆಯ ಮೈಯನ್ನು ಮಗ ಕಟ್ಟಿಕೊಡಬೇಕು. ಆತ್ಮ ನಿತ್ಯವೇ ಆಗಿದ್ದರೆ ಇಷ್ಟು ಕೆಲಸ ಯಾಕೆ ಎಂದು ತರ್ಕದ ಹುಡುಗನಾಗಿದ್ದ ನಾನು ಪುರೋಹಿತರನ್ನು ಕೇಳಿದ್ದೆ. ಅವರು ಕೈ ನಿಲ್ಲಿಸದೆ, ‘ನಡುವೆ ಯಾರಾದ್ರೂ ನೋಡ್ಕೋಬೇಕಲ್ಲಪ್ಪ’ ಅಂದರು. ಆಗ ಅದು ಉತ್ತರವೆಂದು ಅನಿಸಲಿಲ್ಲ.

ನಡುವೆ ನೋಡಿಕೊಳ್ಳುವವರು ಯಾರು ಎಂಬುದೇ ನನ್ನ ಪ್ರಶ್ನೆಯ ತಿರುಳು ಎಂದು ಈಗ ಅನಿಸುತ್ತದೆ. ‘ಅದೇ’ ಎಂಬುದು ವಸ್ತುವಿನೊಳಗೆ ಹುಡುಕಿದರೆ ಸಿಗುವ ಗುಣವಾಗಿದ್ದರೆ ನಾಗಸೇನ ಗೆದ್ದ. ಅಚ್ಚನ್ನೂ ಚಕ್ರವನ್ನೂ ಎಷ್ಟು ತಡಕಿದರೂ ಅದು ಅಲ್ಲಿಲ್ಲ. ಆದರೆ ಬಿಚ್ಚುವವನು ಬಿಚ್ಚುವಾಗಲೇ ಯಾರಿಗೋ ಒಂದು ಮಾತು ಕೊಟ್ಟಿರುತ್ತಾನೆ. ಜೋಡಿಸುವ ತನಕ ಆ ಮಾತು ಅವನ ಕೊರಳಿಗಿರುತ್ತದೆ. ದೊಡ್ಡಪ್ಪನ ಕುಂಭದಲ್ಲಿ ನೀರಲ್ಲದೆ ಬೇರೇನಿತ್ತೋ ನಾನು ಹೇಳಲಾರೆ, ಆದರೆ ಕೊಡೆ ಹಿಡಿದ ದೊಡ್ಡಪ್ಪನಿದ್ದರು ಎಂಬುದನ್ನು ಹೇಳಬಲ್ಲೆ. ‘ಅದೆಲ್ಲ ವ್ಯವಹಾರದ ಮಾತಾಯಿತು, ಪರಮಾರ್ಥ ಹೇಳಿ’ ಎಂದು ಭಿಕ್ಷು ನಗಬಹುದು. ನಗಲಿ. ಮಾತು ಕೊಟ್ಟವನಿಗೆ ವ್ಯವಹಾರವೇ ಸಾಕಷ್ಟು ಭಾರ.

ಯೆಜ್ಡಿ ಎಂಬ ಹೆಸರಿನಲ್ಲೇ ಇದಕ್ಕೊಂದು ದೊಡ್ಡ ಸಾಕ್ಷಿ ಇದೆ. ಈ ಕಾರ್ಖಾನೆ ಕಟ್ಟಿದವರು ಜರತುಷ್ಟ್ರ ಧರ್ಮದ ರುಸ್ತಂ ಇರಾನಿ. ಚೆಕ್ ದೇಶದ ಜಾವಾ ಕಂಪನಿಯ ಪರವಾನಗಿಯಲ್ಲಿ 1961ರಿಂದ ಮೈಸೂರಿನಲ್ಲಿ ಗಾಡಿ ತಯಾರಾದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಕಾರ್ಖಾನೆಯನ್ನು ಉದ್ಘಾಟಿಸಿದ್ದು. 1973ರಲ್ಲಿ ಜಾವಾ ಹೆಸರು ಬಿಟ್ಟು ಯೆಜ್ಡಿ ಎಂದು ಇಟ್ಟುಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಮೈಸೂರು ರಾಜ್ಯವೂ ಕರ್ನಾಟಕವಾಯಿತು. ಗಾಡಿಯೂ ರಾಜ್ಯವೂ ಒಟ್ಟಿಗೇ ಹೆಸರು ಬದಲಿಸಿಕೊಂಡ ಊರಿನಲ್ಲಿ ನಾವು ಏನೂ ಆಗಿಲ್ಲವೆಂಬಂತೆ ದೋಸೆ ತಿನ್ನುತ್ತಿದ್ದೆವು. ಯೆಜ್ಡಿ ಎಂಬುದು ಇರಾನಿನ ಯಜ್ದ್ ಊರಿನಿಂದ ಬಂದ ಹೆಸರು. ಅಲ್ಲಿನ ಅಗ್ನಿಮಂದಿರದ ಬೆಂಕಿ ಕ್ರಿ.ಶ. 470ರಿಂದ ಆರಿಲ್ಲ ಎಂಬುದು ಭಕ್ತರ ನಂಬಿಕೆ. ಆದರೆ ಆ ಬೆಂಕಿ ಒಂದೇ ಕಡೆ ಉರಿದದ್ದಲ್ಲ. ಊರಿಂದ ಊರಿಗೆ ಸಾಗಿಸುತ್ತ ಬಂದು, ಈಗಿನ ಕಟ್ಟಡಕ್ಕೆ ತಂದದ್ದು 1934ರಲ್ಲಿ. ಆ ಕಟ್ಟಡಕ್ಕೆ ಹಣ ಕೂಡಿಸಿದವರಲ್ಲಿ ಮುಂಬಯಿಯ ಪಾರಸಿಗಳಿದ್ದರು. ಗುಜರಾತಿನ ಉದ್ವಾಡಾದಲ್ಲಿರುವ ಇರಾನ್‌ಷಾ ಬೆಂಕಿಯ ಕಥೆಯೂ ಇಂಥದೇ. ಸಂಜಾಣದ ಮೇಲೆ ದಾಳಿಯಾದಾಗ ಅದನ್ನು ಎತ್ತಿಕೊಂಡು ಹೋಗಿ ಬಾಹ್ರೋಟ್ ಬೆಟ್ಟದ ಗುಹೆಯಲ್ಲಿ 12 ವರ್ಷ ಬಚ್ಚಿಟ್ಟರು; ಆಮೇಲೆ ವಾಂಸದಾ, ನವಸಾರಿ, ಕೊನೆಗೆ 1742ರಲ್ಲಿ ಉದ್ವಾಡಾ. ಬೆಂಕಿಗಿಂತ ಅಸ್ಥಿರವಾದದ್ದು ಏನಿದೆ? ನಿನ್ನೆಯ ಕಟ್ಟಿಗೆಯ ಒಂದು ಚೂರೂ ಇವತ್ತಿನ ಉರಿಯಲ್ಲಿಲ್ಲ. ದಿನದ ಐದು ಪ್ರಹರದಲ್ಲೂ ಒಬ್ಬರು ಎದ್ದು ಕಟ್ಟಿಗೆ ಹಾಕಿದರು, ಗುಹೆಯಲ್ಲೂ ಹಾಕಿದರು. ಅದನ್ನು ‘ಅದೇ ಬೆಂಕಿ’ ಎನ್ನಲು ಇಷ್ಟಲ್ಲದೆ ಬೇರೆ ಆಧಾರವಿಲ್ಲ. ನನಗೆ ಇಷ್ಟು ಆಧಾರ ಸಾಕು.

ಕಾರ್ಖಾನೆಗೆ ಅಂಥ ಕಾವಲುಗಾರ ಸಿಗಲಿಲ್ಲ. ಎಂದೆಂದಿಗೂ ಇರುವ ಗಾಡಿ ಎಂದು ಜಾಹೀರಾತು ಕೊಡುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಅದೇ ವರ್ಷ ಪುರಿಯಲ್ಲಿ ಜಗನ್ನಾಥನ ನವಕಳೇವರ ನಡೆಯಿತು ಎಂಬುದು ಬರೀ ಕಾಕತಾಳೀಯ, ಆದರೂ ಎರಡನ್ನೂ ಒಟ್ಟಿಗೆ ನೋಡದೆ ಇರಲಾರೆ. ಅಲ್ಲಿ ಬೇವಿನ ಮರದ ಹೊಸ ಮೂರ್ತಿಗಳು ಸಿದ್ಧವಾದ ಮೇಲೆ, ನಡುರಾತ್ರಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಗೆ ಬಟ್ಟೆ ಸುತ್ತಿಕೊಂಡ ದೈತಾಪತಿಗಳು ಹಳೆಯ ಮೂರ್ತಿಯಿಂದ ಬ್ರಹ್ಮಪದಾರ್ಥವನ್ನು ತೆಗೆದು ಹೊಸದರೊಳಗೆ ಇಡುತ್ತಾರೆ. ಹಳೆಯ ಮೂರ್ತಿಗಳನ್ನು ಕೊಯಿಲಿ ವೈಕುಂಠದಲ್ಲಿ ಹೂಳಿ, ಮನೆಯವರೇ ಸತ್ತಂತೆ ಸೂತಕ ಆಚರಿಸುತ್ತಾರೆ. ದೇವರು ಮುಂದುವರಿದ, ದೇವರು ಸತ್ತ; ಎರಡನ್ನೂ ಒಂದೇ ರಾತ್ರಿಯಲ್ಲಿ ಒಪ್ಪಿಕೊಳ್ಳುವ ಎದೆಗಾರಿಕೆ ಯಾವ ಶಾಸ್ತ್ರಿಗೂ ಬಂದದ್ದು ನಾನು ಕಂಡಿಲ್ಲ. ಇತ್ತ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು. ಕಂಪನಿ ಬೇರೆ, ಎಂಜಿನ್ನು ಫೋರ್ ಸ್ಟ್ರೋಕ್, ಹೊಗೆಯಿಲ್ಲ. ಹೆಸರಿನ ಹಕ್ಕು ಯಾರದು ಎಂಬ ವ್ಯಾಜ್ಯ ಹೈಕೋರ್ಟಿನವರೆಗೂ ಹೋಯಿತು. ಒಳ್ಳೆಯ ಗಾಡಿಗಳೇ ಇರಬಹುದು. ಅವನ್ನು ಅದೇ ಯೆಜ್ಡಿ ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ನನ್ನ ಗಾಡಿಯಲ್ಲಿ ಬ್ರಹ್ಮಪದಾರ್ಥ ಯಾವುದು? ಆರ್‌ಟಿಓ ಕಚೇರಿಯ ಪ್ರಕಾರ ಅದರಲ್ಲಿ ಅನುಮಾನವೇ ಇಲ್ಲ: ಚಾಸಿ ನಂಬರು. ಹ್ಯಾಂಡಲ್ಲು ಕೂರುವ ಕತ್ತಿನ ಮೇಲೆ ಪಂಚ್ ಮಾಡಿದ ಅಂಕಿ. ಎಂಜಿನ್ನು ಬದಲಾದರೆ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಬಹುದು, ಬಣ್ಣ ಬದಲಾದರೂ ಬರೆಸಬಹುದು. ಚಾಸಿ ನಂಬರನ್ನು ತಿದ್ದುವುದು ಅಪರಾಧ. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಹೋಗಿ, ಪೆನ್ಸಿಲಿನಿಂದ ಉಜ್ಜಿ ತೆಗೆದ ಆ ಅಂಕಿ ತೋರಿಸಿ, ಇದು ಅದೇ ಎಂದು ಮುದ್ರೆ ಹಾಕಿಸಿಕೊಂಡು ಬರಬೇಕು. ಹಳೇ ಗಾಡಿ ಸಂಗ್ರಹಿಸುವವರ ಶಾಸ್ತ್ರ ಬೇರೆ. ಅವರಿಗೆ ಎಲ್ಲವೂ ಕಾರ್ಖಾನೆಯಿಂದ ಹೊರಟ ದಿನದ ಹಾಗೇ ಇರಬೇಕು. 2021ರಲ್ಲಿ ಬಂದ ಕೇಂದ್ರದ ನಿಯಮವೂ ಅದೇ ಜಾಡಿನದು: 50 ವರ್ಷ ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಬೇಕಾದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಇನ್ನು ಗುಜರಿಯವನಿದ್ದಾನೆ, ಅವನಿಗೆ ಕೆ.ಜಿ. ಲೆಕ್ಕ.

ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಚಿನ್ನದ ಕಲಶ ಕರಗಿಸಿ ಕಿರೀಟ ಮಾಡಿದರು. ಕಲಶ ಬೇಕಾಗಿದ್ದವನು ಅತ್ತ, ಕಿರೀಟ ಬೇಕಾಗಿದ್ದವನು ನಕ್ಕ, ಚಿನ್ನ ಬೇಕಾಗಿದ್ದವನು ಸುಮ್ಮನಿದ್ದ. ಹುಟ್ಟು, ನಾಶ, ಸ್ಥಿರತೆ ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇವೆ ಎನ್ನಲು ಜೈನರು ಈ ಮೂವರನ್ನು ಸಾಕ್ಷಿಗೆ ಕರೆಯುತ್ತಾರೆ. ತುಂಬ ಜಾಣ ನಿದರ್ಶನ. ಆದರೆ ಕಲಶವನ್ನು ಉಪಯೋಗಿಸಿದವರನ್ನು ಯಾರೂ ಅಲ್ಲಿಗೆ ಕರೆದಿಲ್ಲ. ಕಲಶದ ಕಂಠದಲ್ಲಿ ಎಲ್ಲಿ ಸೊಟ್ಟಗಾಗಿತ್ತು, ಅದು ಯಾವ ಮದುವೆಯಲ್ಲಿ ಬಿದ್ದದ್ದು ಎಂದು ತಿಳಿದವರನ್ನು ಕರೆದಿದ್ದರೆ ನಾಲ್ಕನೆಯ ಉತ್ತರ ಬರುತ್ತಿತ್ತು.

ಟ್ಯಾಂಕಿನ ನಗ್ಗಿನ ವಿಷಯಕ್ಕೆ ಪೇಂಟರಿಗೂ ನನಗೂ ನಡೆದ ಜಗಳ ಇದೇ. ಅವರು ಒಳ್ಳೆಯ ಕೆಲಸಗಾರರು, ಬ್ರಷ್ಷಿನಲ್ಲಿ ಕೈಯಲ್ಲೇ ಲೈನು ಎಳೆಯುತ್ತಾರೆ, ಸ್ಟಿಕ್ಕರು ಮುಟ್ಟುವುದಿಲ್ಲ. ‘ನಗ್ಗು ಎತ್ತಿ, ಪಟ್ಟಿ ಹಾಕಿ, ಕನ್ನಡಿ ತರ ಮಾಡ್ಕೊಡ್ತೀನಿ ಸಾರ್. ನಗ್ಗಿರೋ ಟ್ಯಾಂಕ್‌ಗೆ ಪೇಂಟ್ ಹೊಡ್ದೆ ಅಂದ್ರೆ ನನ್ ಹೆಸರು ಏನಾಗ್ಬೇಕು?’ ನಗ್ಗು ಇರಲಿ ಎಂದೆ. ಅವರಿಗೆ ನಿಜವಾಗಿ ಬೇಸರವಾಯಿತು. ಸಂಗ್ರಹಕಾರರೊಬ್ಬರು ಫೋಟೋ ನೋಡಿ, ಹಿಂದಿನ ಆ ವೆಲ್ಡಿಂಗ್ ಮೆಟ್ಟನ್ನು ಮೊದಲು ಕೊಯ್ದು ಹಾಕಿ, ಒರಿಜಿನಲ್ ಅಲ್ಲ ಎಂದರು. ಆ ಲೆಕ್ಕದಲ್ಲಿ ಒರಿಜಿನಲ್ ಅಂದರೆ ಷೋರೂಮಿನ ಗಾಡಿ, ಇನ್ನೂ ಯಾರೂ ಹತ್ತದ, ಯಾರದ್ದೂ ಅಲ್ಲದ ಗಾಡಿ. ಹುಣಸೂರಿನ ಅಂಗಳಕ್ಕೆ ಅದನ್ನು ಒಯ್ದರೆ ಆ ತಾಯಿ ಮರ್ಯಾದೆಗೆ ‘ಚೆನ್ನಾಗೈತೆ’ ಎಂದು ಒಳಗೆ ಹೋಗುತ್ತಾರೆ. ಪಿಸ್ಟನ್ನು ಹೊಸದಾದರೆ ಅವರಿಗೇನೂ ಅಲ್ಲ. ಮೆಟ್ಟು ಇಲ್ಲದಿದ್ದರೆ ಗಾಡಿಯೇ ಅಲ್ಲ.

ಮೊನ್ನೆ ಆಯುಧಪೂಜೆಯ ದಿನ ನನ್ನ ಹೆಂಡತಿ ಸ್ಕೂಟರು, ಸೈಕಲ್ಲು, ಮಿಕ್ಸಿಗೆಲ್ಲ ಅರಿಶಿನ ಕುಂಕುಮ ಇಟ್ಟುಕೊಂಡು ಮೆಟ್ಟಿಲ ಹತ್ತಿರ ಬಂದಳು. ‘ರೀ, ಇದಕ್ಕೆ ಇಡೋದಾದ್ರೆ ಎಲ್ಲಿಗಿಡ್ಲಿ? ಚೀಲಕ್ಕಾ?’ ಕಲಾಕರ್ಷಣ, ಬಾಲಾಲಯ ಎಂದು ನಾನು ಶುರುಮಾಡುವಷ್ಟರಲ್ಲಿ ಸೀರೆ ಸರಿಸಿ ಚಾಸಿಯ ಕತ್ತಿಗೆ ಒಂದು ಬೊಟ್ಟು, ಚೀಲದ ಬಾಯಿಗೆ ಒಂದು ಬೊಟ್ಟು ಇಟ್ಟು, ಒಂದು ಚೆಂಡು ಹೂವನ್ನು ನಡುವೆ ಎಸೆದು ಅಡಿಗೆಮನೆಗೆ ಹೋದಳು. ಒಲೆಯ ಮೇಲೆ ಒಬ್ಬಟ್ಟಿನ ಹೂರಣವಿತ್ತು.

ಇನ್ನು ಗೇರ್‌ಬಾಕ್ಸಿನ ತೊಂದರೆ. ಕಿಕ್ ಶಾಫ್ಟಿನ ಹಲ್ಲು ಸವೆದು ಹೋಗಿದೆ, ಒದ್ದರೆ ಜಾರುತ್ತದೆ. ಕಾರ್ಖಾನೆಯೇ ಇಲ್ಲದ ಮೇಲೆ ಒಳ್ಳೆಯ ಶಾಫ್ಟು ಸಿಗುವುದು ಕಷ್ಟ. ಆದರೆ ಚಾಚಾ ಗ್ಯಾರೇಜಿನ ಹಿಂದುಗಡೆಯ ಹಲಗೆಯ ಮೇಲೆ ಇನ್ನೊಂದು ಯೆಜ್ಡಿ ಪೂರ್ತಿ ಇದೆ, ಡಬ್ಬಗಳಲ್ಲಿ. ಒಂದೊಂದು ಡಬ್ಬದ ಮೇಲೂ ಗಾಡಿ ನಂಬರನ್ನು ಸೀಮೆಸುಣ್ಣದಲ್ಲಿ ಬರೆದು, ಅಳಿಸಿದಾಗೆಲ್ಲ ಮತ್ತೆ ಬರೆದಿದ್ದಾರೆ. ಕೊರೋನಾಕ್ಕೆ ಮೊದಲು ಯಾರೋ ಎಂಜಿನ್ ಕೆಲಸಕ್ಕೆ ಕೊಟ್ಟು ಹೋದದ್ದು. ಆಮೇಲೆ ಬರಲಿಲ್ಲ, ಫೋನು ಹೋಗುವುದಿಲ್ಲ. ತೀರಿಕೊಂಡರು ಎಂದು ಯಾರೋ ಹೇಳಿದರಂತೆ. ಅದರಲ್ಲಿ ನನಗೆ ಬೇಕಾದ ಶಾಫ್ಟು ಚಿನ್ನದ ಹಾಗಿದೆ, ಕೈಯಲ್ಲಿ ಹಿಡಿದು ನೋಡಿದ್ದೇನೆ.

‘ಚಾಚಾ, ಅವರಂತೂ ಬರೋಲ್ಲ. ಅದು ನಿಮಗೇ ಗೊತ್ತು. ಇದನ್ನ ಹಾಕಿಬಿಡಿ, ದುಡ್ಡು ಎಷ್ಟಾದರೂ ತಗೊಳ್ಳಿ’ ಎಂದೆ.

‘ಅವ್ರು ಬರ್ದೇ ಇರ್ಬೋದು ಸಾರ್. ಮಗ ಬರ್ಬೋದಲ್ವಾ? ಬಿಚ್ಚಿದ್ದು ನಾನು. ಇದು ಅಮಾನತ್ತು, ಮಾರೋಕೆ ನಂದಲ್ಲ’ ಅಂದರು. ಹೇಳಿ, ಶಾಫ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿ ಆಯಿಲ್ ಸವರಿ ಡಬ್ಬಕ್ಕೆ ಹಾಕಿದರು. ಯಾರೂ ಬಂದು ಕೇಳದ ಗಾಡಿಯ ಒಂದು ಕಬ್ಬಿಣದ ತುಂಡಿಗೆ ತುಕ್ಕು ಹಿಡಿಯಬಾರದೆಂದು ಅವರು ವರ್ಷಗಳಿಂದ ಹೀಗೆ ಎಣ್ಣೆ ಸವರುತ್ತಿದ್ದಾರೆ. ನಾನು ಪುಟಗಟ್ಟಲೆ ಹುಡುಕಿದ ವಿಷಯವನ್ನು ಅವರು ಯೋಚನೆಯನ್ನೂ ಮಾಡದೆ ಮಾಡುತ್ತಿದ್ದರು, ನಾನು ಅದಕ್ಕೇ ಕೈಹಾಕಲು ಹೋಗಿದ್ದೆ.

ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹುಡುಕಿ ಎಂದಿದ್ದಾರೆ. ಅಲ್ಲಿ ಸಿಗುವ ಶಾಫ್ಟೂ ಒಂದು ಗಾಡಿಯಿಂದ ಬಂದದ್ದೇ. ಅದನ್ನು ಬಿಚ್ಚಿದವನಿಗೆ ಚಾಚಾಗಿರುವ ಸಂಕೋಚ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಗಾಡಿ ಅದೇ ಗಾಡಿಯಾಗಿ ಎದ್ದು ನಿಲ್ಲಬೇಕಾದರೆ ಇನ್ನೊಂದು ಗಾಡಿ ಎಲ್ಲೋ ಹೇಳಹೆಸರಿಲ್ಲದೆ ಹೋಗಿರಬೇಕು. ಜೀರ್ಣೋದ್ಧಾರದ ಯಾವ ಆಗಮದಲ್ಲೂ ಇದಕ್ಕೆ ಪ್ರಾಯಶ್ಚಿತ್ತ ಬರೆದಂತಿಲ್ಲ; ದೊಡ್ಡಪ್ಪನಿದ್ದಿದ್ದರೆ ಕೇಳಬಹುದಿತ್ತು. ‘ಡೂಪ್ಲಿಕೇಟ್ ಹೊಸದೇ ಹಾಕಿಸ್ಕೊಳ್ಳಿ, ಬೇರೆಯವರ ಗಾಡೀದು ಬೇಡ ಅನ್ನೋದಾದ್ರೆ’ ಎಂದೂ ಚಾಚಾ ಹೇಳಿದ್ದಾರೆ. ಡೂಪ್ಲಿಕೇಟು ಆರು ತಿಂಗಳಿಗೇ ಸವೆಯುತ್ತದಂತೆ. ಇನ್ನೂ ತೀರ್ಮಾನ ಮಾಡಿಲ್ಲ.

ನಿನ್ನೆ ಹುಣಸೂರಿನಿಂದ ಫೋನು ಬಂತು. ಸಂಕ್ರಾಂತಿಗೆ ತರುತ್ತೀರಾ ಎಂದು ಕೇಳಿದರು. ಚಾಚಾ ಬಳಿ ಕೇಳಿದ್ದಕ್ಕೆ, ಕ್ರ್ಯಾಂಕು ಲೇತಿನಿಂದ ಬಂದರೆ ಆದೀತು, ಆದರೆ ಬೋರು ಹೊಸದು, 40ರ ಮೇಲೆ ಓಡಿಸಬೇಡಿ, ಲೀಟರಿಗೆ ಎಣ್ಣೆ ಸ್ವಲ್ಪ ಜಾಸ್ತಿಯೇ ಹಾಕಿ, ಬಿಳಿಕೆರೆ ಹತ್ತಿರ ನಿಲ್ಲಿಸಿ ಎಂಜಿನ್ನು ಆರಲು ಬಿಟ್ಟು ಮುಂದೆ ಹೋಗಿ ಎಂದರು. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ ಎಂದೂ ಸೇರಿಸಿದರು. ಹುಣಸೂರಿನಲ್ಲಿ ಅಂಗಳದ ಒಂದು ಸುತ್ತಾದರೂ ಕೂರಿಸಿಕೊಳ್ಳಲೇಬೇಕಾಗುತ್ತದೆ ಎಂದೆ. ಯಾರನ್ನು ಎಂದು ಅವರು ಕೇಳಿದರು, ಹೇಳಿದೆ. ‘ಹಂಗಾದ್ರೆ ಫಸ್ಟ್ ಗೇರಲ್ಲೇ ಹೋಗಿ’ ಅಂದರು.